ಟೈಮ್ ಟೇಬಲ್ ಹಾಕಿದರೂ ಬರೆಯಲು ಆಗುತ್ತಿಲ್ಲ, ಏನು ಮಾಡಲಿ?

ಪ್ರಶ್ನೆ: ನಾನು ಎಂ.ಎ. ಕೊನೆಯ ವರ್ಷದಲ್ಲಿದ್ದೇನೆ. ಓದುವುದು ಇಷ್ಟ. ಕ್ಲಾಸಿನಲ್ಲಿ ಚೆನ್ನಾಗಿಯೇ ಮಾತಾಡುತ್ತೇನೆ. ಆದರೆ ಬರೆಯಲು ಕೂತರೆ ಕೈಯೇ ಓಡುವುದಿಲ್ಲ. ಪ್ರತಿ ಅಸೈನ್‌ಮೆಂಟಿಗೂ ಟೈಮ್ ಟೇಬಲ್ ಹಾಕುತ್ತೇನೆ, ಎರಡನೇ ದಿನಕ್ಕೇ ಅದು ತಪ್ಪಿಹೋಗುತ್ತದೆ. ಕೊನೆಗೆ ಹಿಂದಿನ ರಾತ್ರಿ ನಿದ್ದೆಗೆಟ್ಟು ಮುಗಿಸುತ್ತೇನೆ. ಮಾರ್ಕ್ಸ್ ತೀರಾ ಕೆಟ್ಟದಾಗಿ ಬರುವುದಿಲ್ಲ. ಹಾಗಾಗಿ ಒತ್ತಡ ಇದ್ದರೇ ನನಗೆ ಬರೆಯಲು ಆಗುವುದೇನೋ ಅಂತಲೂ ಅನ್ನಿಸುತ್ತದೆ. ಈಗ ಮಕ್ಕಳ ಓದಿನ ಮೇಲೆ ಮೊಬೈಲ್ ಪರಿಣಾಮದ ಬಗ್ಗೆ 3000 ಪದಗಳ ಪ್ರಬಂಧ ಕೊಡಬೇಕಿದೆ. ಇನ್ನು ಮೂರು ವಾರ ಇದೆ. ಒಂದು ಸಾಲೂ ಬರೆದಿಲ್ಲ. ಎಲ್ಲಿಗೆ ಬಂತು ಎಂದು ಗೈಡ್ ಎರಡು ಸಲ ಇಮೇಲ್ ಮಾಡಿದ್ದಾರೆ, ಉತ್ತರ ಕೊಡಲು ಮುಖ ಇಲ್ಲ. ನಾನು ಸೋಮಾರಿಯಾ?

ಉತ್ತರ: ಇಲ್ಲ, ನೀವು ಸೋಮಾರಿ ಅಲ್ಲ. ಸೋಮಾರಿಗೆ ಮಾಡದೆ ಬಿಟ್ಟ ಕೆಲಸ ಅಷ್ಟಾಗಿ ಕಾಡುವುದಿಲ್ಲ. ನಿಮಗೆ ಅದು ಇಡೀ ದಿನ ತಲೆಯ ಮೇಲೆ ಕೂತಿರುತ್ತದೆ. ಸಿನಿಮಾ ನೋಡುವಾಗಲೂ ಇರುತ್ತದೆ, ಮಲಗುವಾಗಲೂ ಇರುತ್ತದೆ. ಬರೆಯುವುದಕ್ಕೆ ಬೇಕಾಗುವ ಶ್ರಮಕ್ಕಿಂತ ಬರೆಯದೆ ತಪ್ಪಿಸಿಕೊಳ್ಳುವುದಕ್ಕೇ ನೀವು ಜಾಸ್ತಿ ಶ್ರಮ ಪಡುತ್ತಿದ್ದೀರಿ. ವಿದ್ಯಾರ್ಥಿಗಳ ಬರವಣಿಗೆಯನ್ನು ತಿದ್ದುವುದು, ಅವರ ಜೊತೆ ಕೂತು ಯೋಜನೆ ಹಾಕುವುದು ನನ್ನ ಕೆಲಸ. ನಿಮ್ಮ ಪತ್ರ ಓದಿದಾಗ ನನ್ನ ಕಣ್ಣು ನಿಂತಿದ್ದು 'ಟೈಮ್ ಟೇಬಲ್ ಹಾಕುತ್ತೇನೆ' ಎನ್ನುವ ಮಾತಿನ ಮೇಲೆ. ತೊಂದರೆಯ ಬೇರು ಅಲ್ಲೇ ಇದೆ ಅನ್ನಿಸುತ್ತದೆ, ಅಲ್ಲಿಂದಲೇ ಶುರು ಮಾಡೋಣ.

ನಿಮ್ಮ ಟೈಮ್ ಟೇಬಲ್ ನಾನು ನೋಡಿಲ್ಲ. ಆದರೆ ವಿದ್ಯಾರ್ಥಿಗಳು ನನಗೆ ತೋರಿಸುವ ಹೆಚ್ಚಿನ ಟೈಮ್ ಟೇಬಲ್‌ಗಳು ಹೀಗಿರುತ್ತವೆ: 'ಸೋಮವಾರ, ಮಂಗಳವಾರ: ಓದುವುದು. ಬುಧವಾರ ಸಂಜೆ 7ರಿಂದ 10: ಬರೆಯಲು ಶುರು. ಗುರುವಾರ: ಬರೆಯುವುದು. ಶುಕ್ರವಾರ: ಮುಗಿಸುವುದು.' ಇದರಲ್ಲಿ ಹೊತ್ತು ಹಂಚಿದ್ದಾಗಿದೆ, ಕೆಲಸ ಹಂಚಿಲ್ಲ. ಬುಧವಾರ ಸಂಜೆ 7ಕ್ಕೆ ನೀವು ಮೇಜಿನ ಮುಂದೆ ಕೂತಿರಿ ಅಂತಿಟ್ಟುಕೊಳ್ಳಿ. ಖಾಲಿ ಪುಟ ತೆರೆದಿದೆ. ಈಗ ಏನು ಮಾಡಬೇಕು? ಏನು ಹೇಳಬೇಕು ಅಂತ ತೀರ್ಮಾನಿಸಬೇಕು. ಯಾವುದು ಮೊದಲು, ಯಾವುದು ಆಮೇಲೆ ಅಂತ ನೋಡಬೇಕು. ಓದಿದ್ದು ಎಲ್ಲಿತ್ತು ಅಂತ ಹುಡುಕಬೇಕು. ವಾಕ್ಯ ಕಟ್ಟಬೇಕು. ಕಟ್ಟಿದ ವಾಕ್ಯ ಚೆನ್ನಾಗಿದೆಯಾ ಅಂತಲೂ ನೋಡಬೇಕು. ಇದೆಲ್ಲಾ ಒಂದೇ ಹೊತ್ತಿಗೆ, ಒಂದೇ ತಲೆಯಲ್ಲಿ ಆಗಬೇಕು. ಬರವಣಿಗೆಯನ್ನು ಅಧ್ಯಯನ ಮಾಡಿದ ಲಿಂಡಾ ಫ್ಲವರ್ ಮತ್ತು ಜಾನ್ ಹೇಯ್ಸ್ 1981ರಲ್ಲೇ ಇದನ್ನು ಬಿಡಿಸಿ ಹೇಳಿದ್ದರು. ಯೋಚಿಸಿ ಯೋಜಿಸುವುದು, ಅದನ್ನು ವಾಕ್ಯಕ್ಕೆ ಇಳಿಸುವುದು, ಬರೆದದ್ದನ್ನು ಪರಿಶೀಲಿಸುವುದು ಇವು ಬೇರೆ ಬೇರೆ ಕೆಲಸಗಳು, ಬರೆಯುವಾಗ ಒಂದರೊಳಗೊಂದು ನುಗ್ಗುತ್ತಲೇ ಇರುತ್ತವೆ. ನಮ್ಮ ಗಮನಕ್ಕೆ ಮಿತಿ ಇದೆ. ಮೂರೂ ಒಟ್ಟಿಗೆ ಮೇಲೆ ಬಿದ್ದರೆ ತಲೆ ಕೈಚೆಲ್ಲುತ್ತದೆ.

ಹಾಗೆ ಕೈಚೆಲ್ಲಿದ ಗಳಿಗೆಯಲ್ಲಿ ಮನಸ್ಸಿಗೆ ಹಿಂಸೆ ಆಗುತ್ತದೆ. ಸಣ್ಣ ಭಯ, ಬೇಜಾರು, 'ನನಗೆ ಏನೂ ಗೊತ್ತಿಲ್ಲ' ಎನ್ನುವ ಅಳುಕು. ಆಗ ಕೈ ಮೊಬೈಲ್ ಕಡೆ ಹೋಗುತ್ತದೆ, ಇಲ್ಲವೇ ಕೋಣೆ ಗುಡಿಸೋಣ ಅನ್ನಿಸುತ್ತದೆ. 'ನಾಳೆ ಬೆಳಗ್ಗೆ ಫ್ರೆಶ್ ಆಗಿ ಕೂರುತ್ತೇನೆ' ಅಂದ ತಕ್ಷಣ ಎದೆ ಹಗುರ. ಆ ಹಗುರವೇ ಬಹುಮಾನ. ಫುಶಿಯಾ ಸಿರೋಯ್ ಮತ್ತು ತಿಮೋತಿ ಪಿಚಿಲ್ ಎಂಬ ಮನಶ್ಶಾಸ್ತ್ರಜ್ಞರು 2013ರಲ್ಲಿ ಬರೆದ ಲೇಖನವೊಂದರಲ್ಲಿ ಮುಂದೂಡುವ ಅಭ್ಯಾಸವನ್ನು ಹೀಗೇ ವಿವರಿಸಿದ್ದಾರೆ. ಈ ಹೊತ್ತಿನ ಮನಸ್ಸನ್ನು ಸರಿಪಡಿಸಿಕೊಳ್ಳಲು ನಾಳಿನ ಮನುಷ್ಯನ ಮೇಲೆ ಭಾರ ಹೊರಿಸುತ್ತೇವೆ. ಅಂದರೆ ನಿಮ್ಮ ಹತ್ತಿರ ಹೊತ್ತು ಇಲ್ಲದೆ ಇದು ಆಗುತ್ತಿಲ್ಲ. ಕೂತ ಕೂಡಲೇ ಆಗುವ ಆ ಹಿಂಸೆಯಿಂದ ಆಗುತ್ತಿದೆ. ಟೈಮ್ ಟೇಬಲ್‌ನಲ್ಲಿ ಇನ್ನೂ ನಾಲ್ಕು ಬಣ್ಣ ಸೇರಿಸಿದರೂ ಆ ಹಿಂಸೆ ಕಡಿಮೆ ಆಗುವುದಿಲ್ಲ, ಅಲ್ವಾ? ಮೇಜಿನ ಮುಂದೆ ಕೂತಾಗ ಎದುರಿಗೆ ಸಿಗುವ ಕೆಲಸ ಚಿಕ್ಕದಾಗಿ, ಸ್ಪಷ್ಟವಾಗಿ ಇದ್ದರೆ ಮಾತ್ರ ಕಡಿಮೆ ಆಗುತ್ತದೆ. ಬರವಣಿಗೆಗೆ ಯೋಜನೆ ಹಾಕುವುದು ಅಂದರೆ ನನ್ನ ಲೆಕ್ಕದಲ್ಲಿ ಇಷ್ಟೇ.

ಒತ್ತಡ ಇದ್ದರೇ ಬರೆಯಲು ಆಗುತ್ತದೆ ಎನ್ನುವ ಮಾತಿಗೆ ಮೊದಲು ಉತ್ತರ ಕೊಟ್ಟುಬಿಡುತ್ತೇನೆ. ಏಕೆಂದರೆ ಅದು ಮನಸ್ಸಿನಲ್ಲಿ ಇರುವವರೆಗೂ ಮಿಕ್ಕ ಸಲಹೆ ಯಾವುದೂ ಒಳಗೆ ಇಳಿಯುವುದಿಲ್ಲ. ಕೊನೆಯ ರಾತ್ರಿ ನೀವು ಬರೆಯುತ್ತೀರಿ, ನಿಜ. ಅದಕ್ಕೆ ಕಾರಣ ಇದೆ. ಆ ರಾತ್ರಿ ನೀವು ಚೆನ್ನಾಗಿ ಬರೆಯಬೇಕು ಎನ್ನುವ ಹಟ ಬಿಡುತ್ತೀರಿ. 'ಹೇಗೋ ಮುಗಿದರೆ ಸಾಕು' ಅನ್ನುತ್ತೀರಿ. ಆ ಅನುಮತಿ ಸಿಕ್ಕ ಕೂಡಲೇ ಕೈ ಓಡುತ್ತದೆ. ಇದರಲ್ಲಿ ಡೆಡ್‌ಲೈನ್‌ನ ಮಹಿಮೆ ಏನೂ ಇಲ್ಲ. ಆ ಅನುಮತಿಯನ್ನು ಮೂರು ವಾರ ಮೊದಲೇ ಕೊಟ್ಟುಕೊಳ್ಳಬಹುದು. ಇನ್ನು ಬೆಲೆಯ ವಿಚಾರ. ಡಯಾನ್ ಟೈಸ್ ಮತ್ತು ರಾಯ್ ಬೌಮೈಸ್ಟರ್ 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ಕೋರ್ಸಿನ ವಿದ್ಯಾರ್ಥಿಗಳನ್ನು ಸೆಮಿಸ್ಟರ್ ಪೂರ್ತಿ ಗಮನಿಸಿದರು. ಮುಂದೂಡುವವರು ಮೊದಮೊದಲು ಉಳಿದವರಿಗಿಂತ ನೆಮ್ಮದಿಯಾಗಿಯೇ ಇದ್ದರು. ಡೆಡ್‌ಲೈನ್ ಹತ್ತಿರ ಬಂದಾಗ ಅವರ ಒತ್ತಡವೂ ಜಾಸ್ತಿ, ಆರೋಗ್ಯದ ತೊಂದರೆಗಳೂ ಜಾಸ್ತಿ. ಒಟ್ಟು ಲೆಕ್ಕ ಹಾಕಿದಾಗ ಮೊದಲು ಸಿಕ್ಕ ನೆಮ್ಮದಿಗಿಂತ ಆಮೇಲೆ ಪಟ್ಟ ಪಾಡೇ ದೊಡ್ಡದಾಗಿತ್ತು. ಪ್ರಬಂಧಗಳಿಗೆ ಸಿಕ್ಕ ಅಂಕಗಳೂ ಕಡಿಮೆ. 'ತೀರಾ ಕೆಟ್ಟದಾಗಿ ಬರುವುದಿಲ್ಲ' ಎನ್ನುತ್ತೀರಲ್ಲ, ನಿಮ್ಮಂಥ ಓದುವ ಹುಡುಗಿ ಒಂದು ರಾತ್ರಿಯಲ್ಲಿ ಬರೆದರೆ ಅಷ್ಟು ಬರುತ್ತದೆ. ಎರಡು ವಾರ ಕೊಟ್ಟರೆ ಎಷ್ಟು ಬರುತ್ತದೆ ಎಂದು ನಿಮಗೆ ಇವತ್ತಿಗೂ ಗೊತ್ತಿಲ್ಲ. ನನಗೆ ಬೇಸರ ಆಗುವುದು ಈ ವಿಷಯಕ್ಕೇ.

ಈಗ ಕೆಲಸಕ್ಕೆ ಬರೋಣ. ನಿಮ್ಮ ಟಾಪಿಕ್ಕನ್ನೇ ಇಟ್ಟುಕೊಂಡು ಮಾಡೋಣ.

'ಮಕ್ಕಳ ಓದಿನ ಮೇಲೆ ಮೊಬೈಲ್ ಪರಿಣಾಮ'. ಇದು ವಿಷಯ ಮಾತ್ರ. ಬರೆಯಲು ಇದು ಸಾಲದು. ಯಾವ ಮಕ್ಕಳು? ಯಾವ ಓದು, ಪಠ್ಯದ ಓದಾ, ಕಥೆಯ ಓದಾ? ಪರಿಣಾಮ ಅಂದರೆ ಏನು? ವಿಷಯ ಇಷ್ಟು ಅಗಲ ಇದ್ದಾಗ ಎಷ್ಟು ಓದಿದರೂ ಇನ್ನೂ ಓದಬೇಕು ಅನ್ನಿಸುತ್ತದೆ. ಬಹಳ ಜನ ಇಲ್ಲೇ ಸಿಕ್ಕಿಹಾಕಿಕೊಳ್ಳುತ್ತಾರೆ. ಲೈಬ್ರರಿಯಿಂದ ಪುಸ್ತಕ ತರುತ್ತಾರೆ, ಪಿಡಿಎಫ್ ಇಳಿಸಿಕೊಳ್ಳುತ್ತಾರೆ, ಸಾಲುಗಳಿಗೆ ಬಣ್ಣ ಹಚ್ಚುತ್ತಾರೆ. ನೋಡಿದವರಿಗೆ ಶ್ರದ್ಧೆಯಿಂದ ಕೆಲಸ ಮಾಡುತ್ತಿದ್ದಾರೆ ಅನ್ನಿಸುತ್ತದೆ, ಅವರಿಗೂ ಹಾಗೇ ಅನ್ನಿಸುತ್ತದೆ. ಬರೆಯುವುದನ್ನು ಮುಂದೂಡಲು ಓದಿಗಿಂತ ಗೌರವದ ದಾರಿ ಇನ್ನೊಂದಿಲ್ಲ. ನಿಮಗೆ ಓದು ಇಷ್ಟ ಅಂದಿದ್ದೀರಿ, ಹಾಗಾಗಿ ಇದನ್ನು ಒತ್ತಿ ಹೇಳುತ್ತಿದ್ದೇನೆ.

ಇವತ್ತು ಸಂಜೆ ಒಂದು ಹಾಳೆ ತೆಗೆದುಕೊಳ್ಳಿ. ಲ್ಯಾಪ್‌ಟಾಪ್ ಬೇಡ. ಈ ವಿಷಯದ ಬಗ್ಗೆ ನಿಮ್ಮನ್ನು ನಿಜವಾಗಿ ಕಾಡುವ ಪ್ರಶ್ನೆಗಳನ್ನು ಸುಮ್ನೆ ಬರೆಯುತ್ತಾ ಹೋಗಿ. ಪುಸ್ತಕ ನೋಡಬೇಡಿ. ಹದಿನೈದು ನಿಮಿಷ ಸಾಕು. ಹೀಗೆ ಬರಬಹುದು: ಮೊಬೈಲ್‌ನಲ್ಲೂ ಮಕ್ಕಳು ಓದುತ್ತಾರಲ್ಲ, ಅದು ಓದು ಅಲ್ವಾ? ಟಿವಿ ಬಂದಾಗಲೂ ಹೀಗೇ ಹೇಳುತ್ತಿದ್ದರಂತೆ, ಆಗಿನದ್ದಕ್ಕೂ ಈಗಿನದ್ದಕ್ಕೂ ಏನು ವ್ಯತ್ಯಾಸ? ಓದು ಕಡಿಮೆ ಆಗಿದೆಯಾ, ಅಥವಾ ಒಂದೇ ಕಡೆ ಕೂತು ಓದುವುದು ಕಡಿಮೆ ಆಗಿದೆಯಾ? ಇವುಗಳಲ್ಲಿ ಯಾವುದನ್ನು ಓದಿದಾಗ ನಿಮಗೆ ವಾದ ಮಾಡಬೇಕು ಅನ್ನಿಸುತ್ತದೋ ಅದನ್ನು ಹಿಡಿಯಿರಿ. ನನ್ನನ್ನು ಕೇಳಿದರೆ ಮೂರನೆಯದು. ಅದು ಚಿಕ್ಕದು, 3000 ಪದಕ್ಕೆ ಸರಿಹೊಂದುತ್ತದೆ, ಅದಕ್ಕೆ ಒಂದು ಉತ್ತರವನ್ನೂ ಊಹಿಸಬಹುದು.

ಆಮೇಲೆ ಹಂದರ. ಇಲ್ಲಿ ಸ್ವಲ್ಪ ನಿಧಾನ ಮಾಡುತ್ತೇನೆ, ಏಕೆಂದರೆ ಇಡೀ ಯೋಜನೆ ನಿಂತಿರುವುದು ಇದರ ಮೇಲೆ. ಹಂದರ ಅಂದ ಕೂಡಲೇ ವಿದ್ಯಾರ್ಥಿಗಳು 'ಪೀಠಿಕೆ, ಹಿನ್ನೆಲೆ, ಅನುಕೂಲಗಳು, ಅನಾನುಕೂಲಗಳು, ಉಪಸಂಹಾರ' ಅಂತ ಬರೆದು ತರುತ್ತಾರೆ. ಇವು ತಲೆಬರಹಗಳು. ಯಾವ ಪ್ರಬಂಧಕ್ಕೆ ಬೇಕಾದರೂ ಅಂಟಿಸಬಹುದು. 'ಹಿನ್ನೆಲೆ' ಎನ್ನುವ ಪದದ ಮುಂದೆ ಕೂತರೆ ಮತ್ತೆ ಅದೇ ಖಾಲಿ ಪುಟ, ಅದೇ ಹಿಂಸೆ. ಅದರ ಬದಲು ಪ್ರತಿ ಭಾಗದಲ್ಲೂ ನೀವು ಹೇಳಬೇಕಾದದ್ದನ್ನು ಒಂದೊಂದು ಪೂರ್ತಿ ವಾಕ್ಯವಾಗಿ ಬರೆಯಿರಿ. ಕ್ರಿಯಾಪದ ಇರಲೇಬೇಕು. ಉದಾಹರಣೆಗೆ:

ಮಕ್ಕಳು ಓದುವುದಿಲ್ಲ ಎನ್ನುವ ದೂರು ಮೊಬೈಲ್‌ಗಿಂತ ಹಳೆಯದು, ಟಿವಿ ಬಂದಾಗಲೂ ಇದೇ ಮಾತು ಕೇಳಿಬಂದಿತ್ತು.
ಈ ದೂರು ಹೇಳುವವರು ಪುಸ್ತಕ ಹಿಡಿದು ಓದುವುದನ್ನು ಮಾತ್ರ ಓದು ಎಂದುಕೊಂಡಿರುತ್ತಾರೆ.
ಪರದೆಯ ಮೇಲೂ ಮಕ್ಕಳು ಸಾಕಷ್ಟು ಅಕ್ಷರ ಓದುತ್ತಾರೆ, ಆದರೆ ತುಂಡು ತುಂಡಾಗಿ.
ಪರೀಕ್ಷೆ ಮಾಡಿ ನೋಡಬೇಕಾದ್ದು ಓದಿನ ಪ್ರಮಾಣವನ್ನಲ್ಲ, ಒಂದೇ ಬರಹದ ಜೊತೆ ಮಗು ಎಷ್ಟು ಹೊತ್ತು ಇರುತ್ತದೆ ಎನ್ನುವುದನ್ನು.
ದೊಡ್ಡವರೂ ಹಾಗೆಯೇ ಓದುತ್ತಿರುವಾಗ ಮಕ್ಕಳನ್ನು ಮಾತ್ರ ಬೈಯುವುದು ಅರ್ಧ ಸತ್ಯ.

ನೋಡಿ, ಐದು ವಾಕ್ಯ. ಇನ್ನೂ ಒಂದು ಪುಟವೂ ಬರೆದಿಲ್ಲ, ಆದರೆ ಪ್ರಬಂಧದ ವಾದ ಆಗಲೇ ಬಂದುಬಿಟ್ಟಿದೆ. ಮೂರನೆಯ ವಾಕ್ಯಕ್ಕೆ ಆಧಾರ ಬೇಕು, ಅದನ್ನು ಹುಡುಕಿ ಓದಬೇಕು ಅಂತಲೂ ಗೊತ್ತಾಯಿತು. ಐದನೆಯದಕ್ಕೆ ನಿಮ್ಮ ಸ್ವಂತ ಗಮನವೇ ಸಾಕಾಗಬಹುದು. ಈಗ ಓದಿಗೂ ಒಂದು ಅಂಚು ಸಿಕ್ಕಿತು. ಲೈಬ್ರರಿಗೆ ಹೋದರೆ ಏನು ಹುಡುಕಬೇಕು, ಸಿಕ್ಕ ಮೇಲೆ ಎಲ್ಲಿ ನಿಲ್ಲಿಸಬೇಕು ಎಂದು ತಿಳಿದಿರುತ್ತದೆ. ಓದಿದ ಮೇಲೆ ಯಾವುದೋ ಒಂದು ವಾಕ್ಯ ತಪ್ಪು ಅಂತ ಕಂಡರೆ ಅದನ್ನೇ ಬದಲಿಸಿ. ಒಂದು ಸಾಲು ಬದಲಿಸಲು ಎರಡು ನಿಮಿಷ ಸಾಕು. ಎಂಟು ಪುಟ ಬರೆದ ಮೇಲೆ ವಾದವೇ ತಪ್ಪು ಅಂತ ಗೊತ್ತಾದರೆ ಎದೆ ಒಡೆಯುತ್ತದೆ.

ಹಂದರ ಹಾಕುವುದರಿಂದ ಏನು ಪ್ರಯೋಜನ ಎಂದು ಪರೀಕ್ಷೆಯೂ ಆಗಿದೆ. ರೊನಾಲ್ಡ್ ಕೆಲ್ಲಾಗ್ ಎಂಬ ಸಂಶೋಧಕರು 1988ರಲ್ಲಿ ವಿದ್ಯಾರ್ಥಿಗಳಿಂದ ಬರೆಸಿ ಹೋಲಿಸಿ ನೋಡಿದರು. ಮೊದಲು ಹಂದರ ಬರೆದುಕೊಂಡವರ ಬರಹದ ಗುಣಮಟ್ಟ ಮೇಲಿತ್ತು. ಏನು ಹೇಳಬೇಕು, ಯಾವ ಕ್ರಮದಲ್ಲಿ ಎನ್ನುವುದು ಆಗಲೇ ತೀರ್ಮಾನ ಆಗಿದ್ದರಿಂದ ಬರೆಯುವಾಗ ಗಮನವೆಲ್ಲಾ ವಾಕ್ಯಗಳ ಕಡೆಗೇ ಹೋಗುತ್ತಿತ್ತು. ಅದೇ ಅಧ್ಯಯನದಲ್ಲಿ ಇನ್ನೊಂದು ಸಂಗತಿಯೂ ಕಂಡಿತು. ಮೊದಲ ಡ್ರಾಫ್ಟನ್ನು ಒರಟಾಗಿ ಬರೆದರೂ, ಮೊದಲ ಸಲವೇ ನಯವಾಗಿ ಬರೆಯಲು ಹೆಣಗಿದರೂ ಕೊನೆಯ ಗುಣಮಟ್ಟದಲ್ಲಿ ವ್ಯತ್ಯಾಸ ಕಾಣಲಿಲ್ಲ. ಮೊದಲ ವಾಕ್ಯವನ್ನೇ ಹತ್ತು ಸಲ ಅಳಿಸಿ ಬರೆಯುವವರಿಗೆ ಇದು ಒಳ್ಳೆಯ ಸುದ್ದಿ.

ಹಂದರ ಆದ ಮೇಲೆ ಕ್ಯಾಲೆಂಡರ್ ತೆಗೆಯಿರಿ, ಅದಕ್ಕಿಂತ ಮೊದಲು ಬೇಡ. ಕ್ಯಾಲೆಂಡರ್‌ನಲ್ಲಿ ಕೊನೆಯ ದಿನದಿಂದ ಹಿಂದಕ್ಕೆ ಬನ್ನಿ. ಕೊಡಬೇಕಾದ ದಿನಕ್ಕಿಂತ ಮೂರು ದಿನ ಮೊದಲೇ ಪ್ರಬಂಧ ಪೂರ್ತಿ ಆಗಿರಬೇಕು ಎಂದು ಗುರುತು ಹಾಕಿ. ಆ ಮೂರು ದಿನ ಜ್ವರಕ್ಕೆ, ಪ್ರಿಂಟರ್‌ಗೆ, ಮನೆಯಲ್ಲಿ ಬರುವ ಯಾವುದೋ ಕೆಲಸಕ್ಕೆ. ಅದರ ಹಿಂದಿನ ನಾಲ್ಕೈದು ದಿನ ತಿದ್ದುವುದಕ್ಕೆ. ಅದರ ಹಿಂದಿನ ಒಂದು ವಾರ ಒರಟು ಡ್ರಾಫ್ಟಿಗೆ. ಉಳಿದ ಮೊದಲ ಆರೇಳು ದಿನ ಹಂದರಕ್ಕೆ ಮತ್ತು ಗುರಿಯಿಟ್ಟು ಮಾಡುವ ಓದಿಗೆ. ತಿದ್ದಲು ಇಷ್ಟು ದಿನ ಯಾಕೆ ಅಂತ ಕೇಳಬೇಡಿ. ಪ್ರಬಂಧ ಚೆನ್ನಾಗಿ ಆಗುವುದೇ ತಿದ್ದುವಾಗ, ಕೊನೆಯ ರಾತ್ರಿ ಬರೆಯುವವರಿಗೆ ಆ ಭಾಗ್ಯವೇ ಇರುವುದಿಲ್ಲ.

ಎಷ್ಟು ಹೊತ್ತು ಹಿಡಿಯುತ್ತದೆ ಎನ್ನುವ ಅಂದಾಜಿನಲ್ಲಿ ನಿಮ್ಮ ಮನಸ್ಸನ್ನು ನಂಬಬೇಡಿ. ಇದನ್ನು ಎಲ್ಲರಿಗೂ ಹೇಳುತ್ತೇನೆ. ರೋಜರ್ ಬ್ಯೂಲರ್ ಮತ್ತು ಅವರ ಜೊತೆಗಾರರು 1994ರಲ್ಲಿ ಪ್ರಕಟಿಸಿದ ಅಧ್ಯಯನ ಒಂದಿದೆ. ಪದವಿಯ ಕೊನೆಯಲ್ಲಿ ಥೀಸಿಸ್ ಬರೆಯುತ್ತಿದ್ದ ವಿದ್ಯಾರ್ಥಿಗಳನ್ನು 'ಇನ್ನು ಎಷ್ಟು ದಿನಕ್ಕೆ ಮುಗಿಸುತ್ತೀರಿ?' ಎಂದು ಕೇಳಿದರು. ಸರಾಸರಿ 34 ದಿನ ಅಂದರು. 'ಎಲ್ಲವೂ ಕೆಟ್ಟದಾಗಿ ನಡೆದರೆ?' ಎಂದು ಕೇಳಿದಾಗ ಸರಾಸರಿ 49 ದಿನ ಅಂದರು. ನಿಜಕ್ಕೂ ಹಿಡಿದದ್ದು ಸರಾಸರಿ 55 ದಿನಕ್ಕಿಂತ ಜಾಸ್ತಿ. ಅತಿ ಕೆಟ್ಟ ಅಂದಾಜನ್ನೂ ಮೀರಿತು. ನಾವು ಅಂದಾಜು ಮಾಡುವಾಗ ಮುಂದಿನ ಕೆಲಸ ಸಲೀಸಾಗಿ ನಡೆಯುವುದನ್ನು ಮಾತ್ರ ಕಣ್ಣಮುಂದೆ ತಂದುಕೊಳ್ಳುತ್ತೇವೆ. ಹಿಂದಿನ ಸಲ ಎಷ್ಟು ದಿನ ಹಿಡಿಯಿತು ಎಂದು ತಿರುಗಿ ನೋಡುವುದಿಲ್ಲ. ನಿಮ್ಮ ಹತ್ತಿರ ಹಿಂದಿನ ಅಸೈನ್‌ಮೆಂಟ್‌ಗಳ ಫೈಲ್ ಇರುತ್ತದೆ. ಯಾವ ದಿನ ತೆರೆದಿರಿ, ಯಾವ ದಿನ ಮುಗಿಸಿದಿರಿ ನೋಡಿ. ಈ ಸಲ ಪ್ರತಿ ಸಣ್ಣ ಕೆಲಸದ ಪಕ್ಕದಲ್ಲೂ ಅಂದಾಜು ಬರೆಯಿರಿ, ಮುಗಿದ ಮೇಲೆ ನಿಜವಾಗಿ ಹಿಡಿದ ಹೊತ್ತು ಬರೆಯಿರಿ. 'ಎರಡನೇ ಭಾಗ, 400 ಪದ: ಅಂದಾಜು ಒಂದು ಗಂಟೆ, ಹಿಡಿದದ್ದು ಎರಡೂಕಾಲು ಗಂಟೆ.' ಒಂದು ವಾರ ಹೀಗೆ ಬರೆದರೆ ನಿಮ್ಮ ಕೈಯ ವೇಗ ನಿಮಗೆ ಗೊತ್ತಾಗುತ್ತದೆ. ಆಮೇಲೆ ಹಾಕುವ ಯೋಜನೆ ಎರಡನೇ ದಿನಕ್ಕೆ ಮುರಿಯುವುದಿಲ್ಲ.

ದಿನದ ಪಟ್ಟಿಯಲ್ಲಿ 'ಪ್ರಬಂಧ ಬರೆಯುವುದು' ಎಂದು ಎಂದೂ ಬರೆಯಬೇಡಿ. 'ಮೂರನೇ ವಾಕ್ಯವನ್ನು ಒಂದು ಪ್ಯಾರಾ ಮಾಡುವುದು, ಒರಟಾಗಿ' ಎಂದು ಬರೆಯಿರಿ. 'ಟಿವಿ ಬಗ್ಗೆ ಓದಿದ ಲೇಖನದಿಂದ ಎರಡು ಅಂಶ ನನ್ನ ಮಾತಿನಲ್ಲಿ ಬರೆದಿಡುವುದು' ಎಂದು ಬರೆಯಿರಿ. ಕೂತ ಕೂಡಲೇ ಕೈ ಏನು ಮಾಡಬೇಕು ಎನ್ನುವುದು ಅದರಲ್ಲೇ ಇರಬೇಕು. ಜೊತೆಗೆ ಯಾವಾಗ, ಎಲ್ಲಿ ಎನ್ನುವುದನ್ನೂ ಸೇರಿಸಿ: 'ರಾತ್ರಿ ಊಟ ಆದ ಮೇಲೆ, ಕಿಟಕಿ ಪಕ್ಕದ ಮೇಜಿನಲ್ಲಿ ಕೂತು, ಮೂರನೇ ವಾಕ್ಯದ ಪ್ಯಾರಾ ಬರೆಯುತ್ತೇನೆ.' ಓದಿದರೆ ಮಗ್ಗಿ ಬಾಯಿಪಾಠದ ಹಾಗೆ ಅನ್ನಿಸಬಹುದು, ಆದರೆ ಇದು ಕೆಲಸ ಮಾಡುತ್ತದೆ. ಪೀಟರ್ ಗೋಲ್ವಿಟ್ಜರ್ ಮತ್ತು ವೆರೊನಿಕಾ ಬ್ರಾಂಡ್‌ಸ್ಟೆಟ್ಟರ್ 1997ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವಿದ್ಯಾರ್ಥಿಗಳಿಗೆ ರಜೆಯ ದಿನಗಳಲ್ಲಿ ಒಂದು ಸಣ್ಣ ವರದಿ ಬರೆಯಲು ಹೇಳಿದ್ದರು. ಯಾವಾಗ, ಎಲ್ಲಿ ಕೂತು ಬರೆಯುತ್ತೇನೆ ಎಂದು ಮೊದಲೇ ಬರೆದುಕೊಟ್ಟವರಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಪಾಲು ಜನ ಸಮಯಕ್ಕೆ ಬರೆದರು. 'ಬರೆಯುತ್ತೇನೆ' ಎಂದಷ್ಟೇ ಅಂದುಕೊಂಡವರಲ್ಲಿ ಬರೆದವರು ಸುಮಾರು ಮೂರನೇ ಒಂದು ಪಾಲು. ಎರಡೂ ಗುಂಪಿಗೆ ಬರೆಯುವ ಮನಸ್ಸಂತೂ ಇತ್ತು.

ಎಷ್ಟು ಹೊತ್ತು ಕೂರಬೇಕು? ನಿಮ್ಮ ಈಗಿನ ಸ್ಥಿತಿಯಲ್ಲಿ ಅರ್ಧ ಗಂಟೆ, ಮುಕ್ಕಾಲು ಗಂಟೆ. ಭಾನುವಾರ ಇಡೀ ದಿನ ಬಿಡುವಾಗುತ್ತದೆ, ಆಗ ಒಂದೇ ಸಮ ಬರೆಯುತ್ತೇನೆ ಎನ್ನುವ ಆಸೆ ಬಿಟ್ಟುಬಿಡಿ. ಆ ಭಾನುವಾರ ಬರುವುದಿಲ್ಲ, ಬಂದರೂ ಮಧ್ಯಾಹ್ನದವರೆಗೆ ಹೆದರಿಕೆಯಲ್ಲೇ ಕಳೆದುಹೋಗುತ್ತದೆ. ರಾಬರ್ಟ್ ಬಾಯ್ಸ್ ಎಂಬ ಮನಶ್ಶಾಸ್ತ್ರಜ್ಞರು ಬರೆಯಲಾಗದೆ ಒದ್ದಾಡುತ್ತಿದ್ದ ವಿಶ್ವವಿದ್ಯಾಲಯದ ಅಧ್ಯಾಪಕರ ಜೊತೆ ವರ್ಷಗಟ್ಟಲೆ ಕೆಲಸ ಮಾಡಿದ್ದರು. ದಿನವೂ ಸ್ವಲ್ಪ ಸ್ವಲ್ಪ ಬರೆದವರು, ದೊಡ್ಡ ಬಿಡುವಿಗಾಗಿ ಕಾದು ಒಮ್ಮೆಗೇ ಬರೆದವರಿಗಿಂತ ಜಾಸ್ತಿ ಬರೆದರು ಎನ್ನುವುದು ಅವರು ಮತ್ತೆ ಮತ್ತೆ ಕಂಡ ಸಂಗತಿ. ಹಾಂ, ನಿಮ್ಮ ಪ್ರೊಫೆಸರ್‌ಗಳಿಗೂ ಇದೇ ಕಷ್ಟ ಇದೆ ಎನ್ನುವುದು ಗೊತ್ತಿರಲಿ. ಮೊಬೈಲ್ ಬೇರೆ ಕೋಣೆಯಲ್ಲಿ ಇರಲಿ. ಟೈಮರ್ ಬೇಕಿದ್ದರೆ ಗೋಡೆ ಗಡಿಯಾರ ಸಾಕು.

ಬರೆಯುವಾಗ ಪೀಠಿಕೆಯಿಂದ ಶುರು ಮಾಡಲೇಬೇಕು ಎಂದು ಯಾರೂ ಹೇಳಿಲ್ಲ. ಹಂದರದಲ್ಲಿ ನಿಮಗೆ ಯಾವ ವಾಕ್ಯದ ಬಗ್ಗೆ ಹೇಳಲು ಜಾಸ್ತಿ ಇದೆಯೋ ಅಲ್ಲಿಂದ ಶುರು ಮಾಡಿ. ಪೀಠಿಕೆ ಕೊನೆಗೆ ಬರೆಯಿರಿ, ಆಗ ಯಾವುದಕ್ಕೆ ಪೀಠಿಕೆ ಎಂದು ಗೊತ್ತಿರುತ್ತದೆ. ಬರೆಯುವಾಗ ಒಂದು ಪದ ಹೊಳೆಯದಿದ್ದರೆ ಅಡಿಗೆರೆ ಎಳೆದು ಮುಂದೆ ಹೋಗಿ. ಯಾರು ಹೇಳಿದ್ದು ಅಂತ ನೆನಪಾಗದಿದ್ದರೆ 'ಇಲ್ಲಿ ರೆಫರೆನ್ಸ್' ಅಂತ ಬರೆದು ಮುಂದೆ ಹೋಗಿ. ಅದನ್ನು ಹುಡುಕಲು ಎದ್ದರೆ ಆ ದಿನದ ಕೆಲಸ ಮುಗಿದ ಹಾಗೆಯೇ. ಕ್ಲಾಸಿನಲ್ಲಿ ಚೆನ್ನಾಗಿ ಮಾತಾಡುತ್ತೇನೆ ಅಂದಿದ್ದೀರಿ, ಅದನ್ನೂ ಬಳಸಿಕೊಳ್ಳಿ. ಹಂದರದ ವಾಕ್ಯ ಓದಿ, ಎದುರಿಗೆ ಗೆಳತಿ ಕೂತಿದ್ದಾಳೆ ಅಂದುಕೊಂಡು ಬಾಯಲ್ಲಿ ವಿವರಿಸಿ, ಹೇಳಿದ್ದನ್ನೇ ಬರೆಯಿರಿ. ಭಾಷೆ ಒರಟಾಗಿರುತ್ತದೆ. ಇರಲಿ. ತಿದ್ದಲು ನಾಲ್ಕೈದು ದಿನ ಇಟ್ಟಿದ್ದೀರಲ್ಲ.

ಪ್ರತಿ ದಿನ ಎದ್ದೇಳುವ ಮೊದಲು ಎರಡು ನಿಮಿಷ ಉಳಿಸಿಕೊಳ್ಳಿ. ನಾಳೆಗೆ ಒಂದು ಚೀಟಿ ಬರೆಯಿರಿ: 'ತುಂಡು ಓದಿನ ಬಗ್ಗೆ ಒಂದು ಪ್ಯಾರಾ ಆಯಿತು. ನಾಳೆ: ಇದಕ್ಕೆ ವಿರುದ್ಧ ವಾದ ಏನು ಬರಬಹುದು, ಮೂರು ಸಾಲು.' ಇದನ್ನು ಬರೆಯದೆ ಎದ್ದರೆ ನಾಳೆ ಮತ್ತೆ ಎಲ್ಲಿದ್ದೆ ಎಂದು ಹುಡುಕುವುದರಿಂದಲೇ ಶುರು ಆಗಬೇಕು, ಬಹಳ ಜನ ಆ ಹುಡುಕಾಟದಲ್ಲೇ ಕೈಬಿಡುತ್ತಾರೆ. ವಿದ್ಯಾರ್ಥಿಗಳಿಗೆ ನಾನು ಕೊಡುವ ಸಲಹೆಗಳಲ್ಲಿ ಅತಿ ಚಿಕ್ಕದು ಇದು. ತಿರುಗಿ ಬಂದು 'ಇದರಿಂದ ಅನುಕೂಲ ಆಯಿತು' ಎಂದು ಅವರು ಹೇಳುವುದೂ ಹೆಚ್ಚಾಗಿ ಇದರ ಬಗ್ಗೆಯೇ.

ತಿದ್ದುವುದರ ಬಗ್ಗೆ ಎರಡೇ ಮಾತು. ಮೊದಲ ಸಲ ವಾದ ಮಾತ್ರ ನೋಡಿ: ಪ್ಯಾರಾಗಳ ಕ್ರಮ ಸರಿಯಿದೆಯಾ, ಏನಾದರೂ ಬಿಟ್ಟುಹೋಗಿದೆಯಾ. ಕಾಗುಣಿತ, ವಾಕ್ಯ, ರೆಫರೆನ್ಸ್ ಎಲ್ಲಾ ಆಮೇಲೆ, ಬೇರೆ ದಿನ. ಜೋರಾಗಿ ಓದಿಕೊಂಡರೆ ಕಣ್ಣಿಗೆ ಕಾಣದ ತಪ್ಪು ಕಿವಿಗೆ ಕೇಳಿಸುತ್ತದೆ.

ಈ ಯೋಜನೆಯೂ ಯಾವುದೋ ಒಂದು ದಿನ ತಪ್ಪುತ್ತದೆ. ತಪ್ಪಿಯೇ ತಪ್ಪುತ್ತದೆ. ಆ ದಿನ ಏನು ಮಾಡುತ್ತೀರಿ ಎನ್ನುವುದು ಮುಖ್ಯ. ನಿಮ್ಮ ಪತ್ರದ ಧಾಟಿ ನೋಡಿದರೆ ನಿಮ್ಮನ್ನು ನೀವೇ ಚೆನ್ನಾಗಿ ಬೈದುಕೊಳ್ಳುತ್ತೀರಿ ಅನ್ನಿಸುತ್ತದೆ. ಬೈದುಕೊಂಡರೆ ಬುದ್ಧಿ ಬರುತ್ತದೆ ಎಂದು ನಮಗೆ ಚಿಕ್ಕಂದಿನಿಂದ ಕಲಿಸಿದ್ದಾರೆ. ಆದರೆ ಕೆನಡಾದ ಕಾರ್ಲ್ಟನ್ ವಿಶ್ವವಿದ್ಯಾಲಯದ ಮೈಕೆಲ್ ವೋಲ್ ಮತ್ತು ಜೊತೆಗಾರರು 2010ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆಯೇ ಹೇಳುತ್ತದೆ. ಮೊದಲ ಪರೀಕ್ಷೆಗೆ ಓದುವುದನ್ನು ಮುಂದೂಡಿದ್ದಕ್ಕೆ ತಮ್ಮನ್ನು ತಾವು ಕ್ಷಮಿಸಿಕೊಂಡ ವಿದ್ಯಾರ್ಥಿಗಳು ಮುಂದಿನ ಪರೀಕ್ಷೆಗೆ ಕಡಿಮೆ ಮುಂದೂಡಿದರು. ಬೈದುಕೊಂಡಷ್ಟೂ ಆ ಕೆಲಸದ ನೆನಪೇ ಕಹಿಯಾಗುತ್ತದೆ, ಕಹಿಯಾದಷ್ಟೂ ಹತ್ತಿರ ಹೋಗಲು ಮನಸ್ಸಾಗುವುದಿಲ್ಲ. ಒಂದು ದಿನ ತಪ್ಪಿದರೆ ಮರುದಿನ ಎರಡು ದಿನದ ಕೆಲಸ ಮಾಡಲು ಹೋಗಬೇಡಿ. ಆ ದಿನದ ಚೀಟಿಯಲ್ಲಿ ಇರುವುದನ್ನಷ್ಟೇ ಮಾಡಿ, ಕ್ಯಾಲೆಂಡರ್ ಒಂದು ದಿನ ಮುಂದಕ್ಕೆ ಸರಿಸಿ. ಕೊನೆಯಲ್ಲಿ ಬಿಟ್ಟ ಮೂರು ದಿನ ಇರುವುದೇ ಅದಕ್ಕೆ.

ಇನ್ನೊಂದು ಮಾತು. ಬರೆಯುವುದು ಮಾತ್ರ ಅಲ್ಲ, ಏನೂ ಬೇಡ ಅನ್ನಿಸುತ್ತಿದ್ದರೆ, ನಿದ್ದೆ ಕೆಟ್ಟು ವಾರಗಳೇ ಆಗಿದ್ದರೆ, ಅಥವಾ ಚಿಕ್ಕಂದಿನಿಂದಲೂ ಯಾವ ಕೆಲಸದಲ್ಲೂ ಗಮನ ನಿಲ್ಲುತ್ತಿಲ್ಲ ಎಂದಿದ್ದರೆ, ಯೋಜನೆಯೊಂದೇ ಸಾಕಾಗುವುದಿಲ್ಲ. ಕಾಲೇಜಿನ ಆಪ್ತ ಸಮಾಲೋಚಕರನ್ನೋ ವೈದ್ಯರನ್ನೋ ನೋಡಿ. ಅದು ದೌರ್ಬಲ್ಯದ ಲಕ್ಷಣ ಅಲ್ಲ, ಅದಕ್ಕೆ ಚಿಕಿತ್ಸೆ ಇದೆ.

ಈಗ ಗೈಡ್ ವಿಚಾರ. ಏನೂ ಬರೆದಿಲ್ಲ, ಹಾಗಾಗಿ ಉತ್ತರ ಕೊಡಲು ಮುಖ ಇಲ್ಲ. ಉತ್ತರ ಕೊಟ್ಟಿಲ್ಲ, ಹಾಗಾಗಿ ಪ್ರಬಂಧ ನೆನಪಾದರೇ ಹೊಟ್ಟೆಯಲ್ಲಿ ಸಂಕಟ. ಈ ಗಂಟು ಬಿಚ್ಚದೆ ನೀವು ಅರ್ಧ ಗಂಟೆಯೂ ನೆಮ್ಮದಿಯಾಗಿ ಕೂರಲಾರಿರಿ. ಗೈಡ್‌ಗಳಿಗೆ ಬರೆಯದ ವಿದ್ಯಾರ್ಥಿ ಹೊಸತಲ್ಲ. ಅವರಿಗೆ ಕಷ್ಟ ಆಗುವುದು ಮೌನದಿಂದ. ಎಲ್ಲಿದ್ದೀರಿ ಎಂದು ಗೊತ್ತಾಗದಿದ್ದರೆ ಅವರು ಸಹಾಯ ಮಾಡುವುದಾದರೂ ಹೇಗೆ?

ಅವರಿಂದ ಒಂದು ಸಹಾಯ ಕೇಳಿ: ನಡುವೆ ಎರಡು ಡೆಡ್‌ಲೈನ್. ಇದಕ್ಕೂ ಒಳ್ಳೆಯ ಆಧಾರ ಇದೆ. ಡಾನ್ ಏರಿಯಲಿ ಮತ್ತು ಕ್ಲಾಸ್ ವೆರ್ಟೆನ್‌ಬ್ರಾಕ್ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮೂರು ಪೇಪರ್ ಬರೆಯಬೇಕಿದ್ದ ಒಂದು ಕ್ಲಾಸಿಗೆ ಸಮ ಅಂತರದ ಡೆಡ್‌ಲೈನ್ ಕೊಟ್ಟಿದ್ದರು, ಇನ್ನೊಂದು ಕ್ಲಾಸಿಗೆ ತಮ್ಮ ಡೆಡ್‌ಲೈನ್ ತಾವೇ ಹಾಕಿಕೊಳ್ಳಲು ಬಿಟ್ಟಿದ್ದರು. ಸಮ ಅಂತರದ ಡೆಡ್‌ಲೈನ್ ಇದ್ದವರಿಗೆ ಒಳ್ಳೆಯ ಅಂಕ ಬಂತು. ನಮಗೆ ನಾವೇ ಹಾಕಿಕೊಂಡ ಗಡುವನ್ನು ನಾವೇ ಸಡಿಲ ಮಾಡುತ್ತೇವೆ. ಇನ್ನೊಬ್ಬರು ಕಾಯುತ್ತಿದ್ದಾರೆ ಎಂದರೆ ಹಾಗೆ ಮಾಡಲು ಆಗುವುದಿಲ್ಲ.

ಇಮೇಲ್ ಹೀಗಿದ್ದರೆ ಸಾಕು. ಉದ್ದ ಬೇಡ, ಕಾರಣಗಳ ಪಟ್ಟಿ ಬೇಡ.

'ನಮಸ್ಕಾರ ಮೇಡಂ. ನಿಮ್ಮ ಇಮೇಲ್‌ಗಳಿಗೆ ಉತ್ತರಿಸದಿದ್ದಕ್ಕೆ ಕ್ಷಮೆ ಇರಲಿ. ಬರೆಯಲು ಶುರು ಮಾಡುವುದು ನನಗೆ ಕಷ್ಟವಾಗಿತ್ತು. ಈಗ ಪ್ರಶ್ನೆಯನ್ನು ಚಿಕ್ಕದು ಮಾಡಿಕೊಂಡು ವಾದದ ಐದು ವಾಕ್ಯ ಬರೆದಿದ್ದೇನೆ, ಕೆಳಗೆ ಕೊಟ್ಟಿದ್ದೇನೆ. ಮುಂದಿನ ಶುಕ್ರವಾರ ಮೊದಲ ಎರಡು ಭಾಗ, ಅದರ ಮುಂದಿನ ಶುಕ್ರವಾರ ಪೂರ್ತಿ ಒರಟು ಡ್ರಾಫ್ಟ್ ಕಳಿಸಬಹುದೇ? ಮೂರನೇ ವಾಕ್ಯಕ್ಕೆ ಯಾವುದನ್ನು ಓದಬೇಕು ಎಂದು ತಿಳಿಸಿದರೆ ಉಪಕಾರ ಆಗುತ್ತದೆ.'

ಅವರು ಮೇಡಂ ಅಲ್ಲದೆ ಸರ್ ಆಗಿದ್ದರೆ ಅದೊಂದು ಪದ ಬದಲಿಸಿಕೊಳ್ಳಿ. ಹಂದರದ ವಾಕ್ಯಗಳು ನಿಮ್ಮವೇ ಇರಲಿ, ನಾನು ಮೇಲೆ ಬರೆದದ್ದನ್ನು ಕಳಿಸಬೇಡಿ. ಐದು ಆಗದಿದ್ದರೆ ಮೂರು ಕಳಿಸಿ. ಅವು ಚೆನ್ನಾಗಿ ಆಗಲಿ ಎಂದು ನಾಳೆಯವರೆಗೆ ಕಾಯಬೇಡಿ, ಇವತ್ತು ಮಲಗುವ ಮುಂಚೆ ಕಳಿಸಿಬಿಡಿ.